ನ್ಯಾಯಮೂರ್ತಿಗಳನ್ನು ಯಾರು ಆರಿಸಬೇಕು?

ಪ್ರಶ್ನೆ: ನ್ಯಾಯಾಂಗ ನೇಮಕಾತಿ ಆಯೋಗವನ್ನು (ನ್ಯಾಯಮೂರ್ತಿಗಳ ಆಯ್ಕೆಗೆ ರಚಿಸಿದ, ಕಾನೂನು ಸಚಿವರೂ ಸದಸ್ಯರಾಗಿದ್ದ ಆಯೋಗ) ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿದ ಮೇಲೆ, ಹಿರಿಯ ನ್ಯಾಯಮೂರ್ತಿಗಳ ಗುಂಪೇ ಹೆಸರುಗಳನ್ನು ಶಿಫಾರಸು ಮಾಡುವ ಕೊಲಿಜಿಯಂ ಪದ್ಧತಿಯೇ ಮುಂದುವರಿದಿದೆ. ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವುದು ಸರಿಯೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಸರ್ಕಾರವೇ ಅತಿ ದೊಡ್ಡ ಕಕ್ಷಿದಾರನಾಗಿರುವಾಗ, ತನ್ನ ಮೊಕದ್ದಮೆಗಳ ತೀರ್ಪುಗಾರರನ್ನು ತಾನೇ ನೇಮಿಸುವಂತಾಗಬಾರದು. 1973ರಲ್ಲಿ ಸರ್ಕಾರವು ಮೂವರು ಹಿರಿಯ ನ್ಯಾಯಮೂರ್ತಿಗಳನ್ನು (ಅವರಲ್ಲಿ ನಮ್ಮ ಕೆ. ಎಸ್. ಹೆಗ್ಡೆಯವರೂ ಒಬ್ಬರು) ಬದಿಗೊತ್ತಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿಸಿದ್ದನ್ನು ನೆನೆದರೆ ಈ ಭಯ ಕಾಲ್ಪನಿಕವಲ್ಲವೆಂಬುದು ತಿಳಿಯುತ್ತದೆ. ಆ ಮೂವರೂ ರಾಜೀನಾಮೆಯಿತ್ತರು.

ಉತ್ತರ 2: ಭಯ ನಿಜ, ಒಪ್ಪುತ್ತೇನೆ. ಆದರೆ 2015ರ ತೀರ್ಪಿನಲ್ಲಿ ಒಬ್ಬರೇ ಭಿನ್ನಮತ ಬರೆದ ನ್ಯಾಯಮೂರ್ತಿ ಚೆಲಮೇಶ್ವರ್ ಅವರು ಎತ್ತಿ ತೋರಿದ ಪಾರದರ್ಶಕತೆಯ ಕೊರತೆಯೂ ಅಷ್ಟೇ ನಿಜ. ಒಬ್ಬರನ್ನು ಏಕೆ ಆರಿಸಿದರು, ಇನ್ನೊಬ್ಬರನ್ನು ಏಕೆ ಕೈಬಿಟ್ಟರು ಎಂಬ ಕಾರಣವು ಪ್ರತಿಸಲವೂ ಲಿಖಿತವಾಗಿ ಪ್ರಕಟವಾಗಲೇಬೇಕು.

ಉತ್ತರ 3: ಆಯೋಗದಲ್ಲಿ ಯಾವುದೇ ಇಬ್ಬರು ಸದಸ್ಯರು ಒಪ್ಪದಿದ್ದರೆ ಹೆಸರು ಬಿದ್ದುಹೋಗುತ್ತಿತ್ತು. ನನ್ನ ಆಕ್ಷೇಪವಿದ್ದದ್ದು ಆ ಒಂದು ನಿಯಮಕ್ಕೆ.