ತಿರುಗುವ ಎಲೆಕ್ಟ್ರೋಡ್: ಲೆಕ್ಕದಲ್ಲಿ ಕರೆಂಟ್ ಏಕೆ ಹೆಚ್ಚು ಬರುತ್ತಿದೆ?

ಪ್ರಶ್ನೆ: ದ್ರಾವಣದಲ್ಲಿ ಮುಖ ಕೆಳಗಾಗಿ ತಿರುಗುವ 5 ಮಿಲಿಮೀಟರ್ ವ್ಯಾಸದ ಗ್ಲಾಸಿ ಕಾರ್ಬನ್ ಡಿಸ್ಕ್, ನಿಮಿಷಕ್ಕೆ 1600 ಸುತ್ತು, 5 ಮಿಲಿಮೋಲಾರ್ ಫೆರಿಸಯನೈಡ್ (ಡಿಸ್ಕಿನಲ್ಲಿ ಎಲೆಕ್ಟ್ರಾನ್ ಪಡೆಯುವ ಅಯಾನು). ತಿರುಗುವ ಡಿಸ್ಕಿನ ಕರೆಂಟ್ ಕೊಡುವ ಲೆವಿಚ್ ಸೂತ್ರದ ಪ್ರಕಾರ ಮಿತಿ ಕರೆಂಟ್ (ಅಯಾನುಗಳು ಬಂದು ಸೇರುವ ವೇಗವೇ ಮಿತಿಯಾದಾಗ ಸಿಗುವ ಗರಿಷ್ಠ) ಸುಮಾರು 0.60 ಮಿಲಿಆಂಪಿಯರ್, ಪ್ರಯೋಗದಲ್ಲೂ ಅದರ ಆಸುಪಾಸಿನಲ್ಲೇ ಇದೆ. ನನ್ನ ಸಿಮ್ಯುಲೇಶನ್ ಮಾತ್ರ 0.74 ಎನ್ನುತ್ತದೆ. ಅದರಲ್ಲಿ ಕೆ-ಎಪ್ಸಿಲಾನ್ ಎಂಬ, ಕದಡಿದ ಹರಿವಿನ (ಟರ್ಬ್ಯುಲೆನ್ಸ್) ಮಾದರಿ ಹಾಕಿದ್ದೇನೆ. ಈ ದಾರಿಯಲ್ಲಿ ನಡೆದವರು ಎಲ್ಲಿ ಎಡವಿದ್ದಿರಿ, ದಯವಿಟ್ಟು ಹೇಳಿ.

ಉತ್ತರ 1: ಮೊದಲು ಆ ಕೆ-ಎಪ್ಸಿಲಾನ್ ತೆಗೆದುಬಿಡಿ. ನಿಮ್ಮ ಡಿಸ್ಕಿನ ಅಂಚಿನಲ್ಲಿ ರೆನಾಲ್ಡ್ಸ್ ಸಂಖ್ಯೆ (ಹರಿವು ನಯವೋ ಕದಡಿದ್ದೋ ಎಂದು ಸೂಚಿಸುವ ಅಂಕಿ) ಸಾವಿರದ ಹತ್ತಿರ. ಹರಿವು ಕದಡಬೇಕಾದರೆ ಅದು ಲಕ್ಷ ದಾಟಬೇಕು. ಇಲ್ಲದ ಸುಳಿಗಳನ್ನು ಮಾದರಿ ತಾನೇ ಹುಟ್ಟುಹಾಕಿ, ಅಯಾನುಗಳನ್ನು ಮೇಲ್ಮೈಗೆ ಹೆಚ್ಚುವರಿಯಾಗಿ ತಂದು ಸುರಿಯುತ್ತಿದೆ.

ಇನ್ನು ಮೆಶ್, ಅಂದರೆ ಲೆಕ್ಕಕ್ಕಾಗಿ ದ್ರಾವಣವನ್ನು ಚಿಕ್ಕ ಮನೆಗಳಾಗಿ ಕತ್ತರಿಸುವ ಬಲೆ. ಈ ವೇಗದಲ್ಲಿ ಹರಿವಿನ ಪದರ ಸುಮಾರು 0.28 ಮಿಲಿಮೀಟರ್ ದಪ್ಪ, ವಿಸರಣೆಯ ಪದರ (ಡಿಸ್ಕಿನ ಬಳಿ ಅಯಾನುಗಳು ವಿರಳವಾಗುವ ಜಾಗ) ಆದರೋ ಬರೀ 11 ಮೈಕ್ರಾನ್. ನನ್ನ ಮೊದಲ ಮೆಶ್‌ನಲ್ಲಿ ಡಿಸ್ಕಿಗೆ ಅಂಟಿದ ಮನೆಯೇ 50 ಮೈಕ್ರಾನ್ ಇತ್ತು. ಹರಿವಿನ ಗೆರೆಗಳು ನೋಡಲು ಚೆನ್ನ, ಕರೆಂಟ್ ಮಾತ್ರ ತೀರಾ ಕಡಿಮೆ. ಆ ಮೇಲೆ ಟರ್ಬ್ಯುಲೆನ್ಸ್ ಮಾದರಿ ಹಾಕಿದೆ. ಒಂದು ತಪ್ಪು ಇಳಿಸಿದ್ದನ್ನು ಇನ್ನೊಂದು ಏರಿಸಿ, ಉತ್ತರ ಲೆವಿಚ್‌ಗೆ ಸರಿಯಾಗಿ ಕೂತಿತು. ಒಂದು ವಾರ ಗೆದ್ದೆನೆಂದೇ ಓಡಾಡಿದೆ! ಸುತ್ತಿನ ವೇಗ ಬದಲಿಸಿದಾಗ ಬಣ್ಣ ಬಯಲಾಯಿತು.

ಅದಕ್ಕೇ ಈಗ ಕರೆಂಟ್ ನೋಡುವ ಮೊದಲು ನೀರನ್ನು ನೋಡುತ್ತೇನೆ. ಡಿಸ್ಕ್ ಫ್ಯಾನಿನಂತೆ ಕೆಲಸ ಮಾಡುತ್ತದೆ: ದ್ರಾವಣವನ್ನು ಹೊರಕ್ಕೆ ಎಸೆಯುತ್ತದೆ, ತೆರವಾದ ಜಾಗಕ್ಕೆ ಕೆಳಗಿನಿಂದ ಎಳೆದುಕೊಳ್ಳುತ್ತದೆ. 1921ರ ಫಾನ್ ಕಾರ್ಮಾನ್ ಲೆಕ್ಕದಂತೆ ಹೀಗೆ ಏರಿಬರುವ ವೇಗ ನಿಮಗೆ ಸೆಕೆಂಡಿಗೆ 11 ಮಿಲಿಮೀಟರ್ ಆಸುಪಾಸು. ಅದು ಸಿಗದೆ ಅಯಾನುಗಳ ತಂಟೆಗೆ ಹೋಗಬೇಡಿ. ಅಕ್ಷ ಸಮಮಿತಿಯ (ಅಕ್ಷದ ಸುತ್ತ ಎಲ್ಲ ಕಡೆ ಒಂದೇ ಎಂದುಕೊಳ್ಳುವ) ಎರಡು ಆಯಾಮ ಸಾಕು, ಆದರೆ ಸುತ್ತುವ ದಿಕ್ಕಿನ ವೇಗವನ್ನು ಕೈಬಿಡಬಾರದು; ಬಿಟ್ಟರೆ ಫ್ಯಾನೇ ನಿಂತಂತೆ. ಆಮೇಲೆ 11 ಮೈಕ್ರಾನ್ ಒಳಗೆ ಕನಿಷ್ಠ ಹತ್ತು ಮನೆ ಇಡಿ.

ಉತ್ತರ 2: ಮೂರು ಪಟ್ಟು ವ್ಯತ್ಯಾಸ ಬಂದವರಿಗೊಂದು ಮಾತು. ಲೆವಿಚ್ ಸೂತ್ರದಲ್ಲಿರುವ 0.62 ಎಂಬ ಗುಣಕ, ಸುತ್ತಿನ ವೇಗವನ್ನು ಸೆಕೆಂಡಿಗೆ ಇಷ್ಟು ರೇಡಿಯನ್ ಎಂದು ಹಾಕುವ ಲೆಕ್ಕಕ್ಕೆ. ನಿಮಿಷದ ಸುತ್ತುಗಳನ್ನೇ ಹಾಕುವುದಾದರೆ 0.201. ನಾನು ಕಳೆದುಕೊಂಡದ್ದು ಎರಡು ದಿನ.

ಉತ್ತರ 3: ನಾನು ಪ್ರಯೋಗದ ಕಡೆಯವಳು. ಲೆಕ್ಕವನ್ನು ಸರಿಪಡಿಸುವ ಭರದಲ್ಲಿ ಅಳತೆಯನ್ನು ಪೂರ್ತಿ ನಂಬಬೇಡಿ. ಒಮ್ಮೆ ಕರೆಂಟ್ ಕುಗ್ಗುತ್ತಲೇ ಹೋಗಿ ದ್ರಾವಣವನ್ನು ಎರಡು ಸಲ ಬದಲಿಸಿದೆ. ಕೊನೆಗೆ ಕೋಶವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರೆ ಡಿಸ್ಕಿನ ಕೆಳಗೆ ಸಾಸಿವೆಗಾತ್ರದ ಗುಳ್ಳೆ ಅಂಟಿಕೊಂಡಿತ್ತು. ಅಂದಿನಿಂದ ಎಲೆಕ್ಟ್ರೋಡನ್ನು ಸ್ವಲ್ಪ ಓರೆಯಾಗಿಸಿ ಮುಳುಗಿಸಿ, ಬಳಿಕ ನೆಟ್ಟಗೆ ಮಾಡುತ್ತೇನೆ. ಡಿಸ್ಕ್ ತಳಕ್ಕೆ ತೀರಾ ಹತ್ತಿರವಿದ್ದರೂ ನೀರು ಏರಿಬರಲು ದಾರಿಯಿರುವುದಿಲ್ಲ.

ಉತ್ತರ 4: ಡಿಸ್ಕಿನ ಬದಲು ಸಿಲಿಂಡರ್ ಇರುವವರು ಉತ್ತರ 1ನ್ನು ಹಾಗೇ ಪಾಲಿಸಬೇಡಿ. ಅಲ್ಲಿ ರೆನಾಲ್ಡ್ಸ್ ಸಂಖ್ಯೆ ಇನ್ನೂರರ ಆಚೆ ಹೋದರೇ ಹರಿವು ಕದಡುತ್ತದೆ. ನನ್ನ 12 ಮಿಲಿಮೀಟರ್ ಸಿಲಿಂಡರ್ ಸಾವಿರ ಸುತ್ತಿಗೆ ಏಳೂವರೆ ಸಾವಿರ ತಲುಪುತ್ತದೆ. ಹೋಲಿಸಿ ನೋಡಲು ತಿರುಗುವ ಸಿಲಿಂಡರಿಗೆ ಐಸೆನ್‌ಬರ್ಗ್, ಟೋಬಿಯಾಸ್, ವಿಲ್ಕಿ 1954ರಲ್ಲಿ ಕೊಟ್ಟ ಸೂತ್ರವಿದೆ.

ಪ್ರಶ್ನೆ ಕೇಳಿದವರು: ಕೆ-ಎಪ್ಸಿಲಾನ್ ತೆಗೆದೆ. 0.74 ಇದ್ದದ್ದು ಈಗ 0.43! ಡಿಸ್ಕಿಗೆ ತಾಗಿದ ಮನೆ ಅಳೆದೆ, 20 ಮೈಕ್ರಾನ್ ಇದೆ. ರಾತ್ರಿ ಹೊಸ ಮೆಶ್ ಓಡಲು ಬಿಟ್ಟಿದ್ದೇನೆ, ಬೆಳಿಗ್ಗೆ ನೀರಿನ ವೇಗ ಬರೆಯುತ್ತೇನೆ.