ಹಿಂಡಿ ಜಾಸ್ತಿ ಹಾಕಿದರೂ ಕಾಟ್ಲಾ ತೂಕ ಬರ್ತಿಲ್ಲ, ಬೆಳಗ್ಗೆ ಮೀನೆಲ್ಲ ನೀರ ಮೇಲೆ

ಮದ್ದೂರು ಹೊಂಡ:
ಎಲ್ಲರಿಗೂ ನಮಸ್ಕಾರ. ಮದ್ದೂರು ಹತ್ತಿರ ನಮ್ಮದು 20 ಗುಂಟೆ ಹೊಂಡ. ಜುಲೈನಲ್ಲಿ ಕಾಟ್ಲಾ, ರೋಹು, ಗೆಂಡೆ ಸೇರಿ 1500 ಮರಿ ಬಿಟ್ಟೆ. ಕಡ್ಲೆಕಾಯಿ ಹಿಂಡಿ, ಅಕ್ಕಿ ತೌಡು ಸಮಸಮ ಕಲಸಿ ದಿನಕ್ಕೆ 8 ಕೆಜಿ ಹಾಕುತ್ತಿದ್ದೆ. ಸಂಕ್ರಾಂತಿಗೆ ಹಿಡಿಯಬೇಕು ಅಂತ ಒಂದು ತಿಂಗಳಿಂದ 20 ಕೆಜಿ ಮಾಡಿದ್ದೇನೆ. ನಿನ್ನೆ ಬೀಸುಬಲೆ ಹಾಕಿ ತೂಗಿದರೆ ಸರಾಸರಿ 300 ಗ್ರಾಂ. ಹೋದ ತಿಂಗಳೂ ಹೆಚ್ಚುಕಮ್ಮಿ ಅಷ್ಟೇ ಇತ್ತು.

ನೀರು ಗಟ್ಟಿ ಹಸಿರಾಗಿದೆ. ಮೂರು ದಿನದಿಂದ ಮೋಡ. ಇವತ್ತು ಬೆಳಗ್ಗೆ ಐದೂವರೆಗೆ ಹೋದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಹಸಿದಿವೆ ಅಂದುಕೊಂಡು ಎರಡು ಬೊಗಸೆ ಹಿಂಡಿ ಎಸೆದೆ. ಒಂದೂ ಮುಟ್ಟಲಿಲ್ಲ. ಏನು ಮಾಡಲಿ?

ಶಿರಾ ತೋಟ:
ಸುಣ್ಣ ಹಾಕಿ ಅಣ್ಣ. ನಾವು ನೀರು ಕೆಟ್ಟಾಗೆಲ್ಲ ಸುಟ್ಟ ಸುಣ್ಣ ಎರಚುತ್ತೇವೆ.

ಏರಿ ಮೇಲಿನ ಮನೆ:
ಸುಟ್ಟ ಸುಣ್ಣ ಈಗ ಬೇಡ, ದಯವಿಟ್ಟು. ಗಟ್ಟಿ ಹಸಿರು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಮಧ್ಯಾಹ್ನದ ಹೊತ್ತಿಗೆ ಮೊದಲೇ ಏರಿರುತ್ತದೆ. ಕೊಳೆತ ಹಿಂಡಿಯಿಂದ ಅಮೋನಿಯಾ ಬಂದಿರುತ್ತದೆ. ಸುಣ್ಣದಿಂದ ಪಿಎಚ್ ಇನ್ನೂ ಏರಿದರೆ ಆ ಅಮೋನಿಯಾ ಮೀನಿಗೆ ವಿಷವಾಗುತ್ತದೆ.

ಮದ್ದೂರಣ್ಣ, ಮೊದಲು ಮೇವು ನಿಲ್ಲಿಸಿ. ಇವತ್ತೇ. ಮೀನುಗಳಿಗೆ ಉಸಿರು ಸಿಗುತ್ತಿಲ್ಲ. ಹಗಲು ಬಿಸಿಲಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಎಳೆದುಕೊಳ್ಳುತ್ತದೆ. ಮೀನಿಗೂ ಬೇಕು, ತಳದಲ್ಲಿ ಕೊಳೆಯುವ ಹಿಂಡಿಗೂ ಬೇಕು. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ತೀರಾ ಕಡಿಮೆ. ಮೋಡ ಇದ್ದರೆ ಹಗಲಲ್ಲೂ ಸರಿಯಾಗಿ ತುಂಬುವುದಿಲ್ಲ. ಉಣ್ಣಿಸಿದರೆ ಅರಗಿಸಿಕೊಳ್ಳಲು ಮೀನಿಗೆ ಇನ್ನೂ ಹೆಚ್ಚು ಗಾಳಿ ಬೇಕು.

ಲೆಕ್ಕ ನೋಡಿ. 1500 ಮೀನು, 300 ಗ್ರಾಂ ಅಂದರೆ 450 ಕೆಜಿ. ಈ ಗಾತ್ರಕ್ಕೆ ಮೈತೂಕದ ನೂರಕ್ಕೆ 2 ಸಾಕು, 9 ಕೆಜಿ. ದಿನಾ 11 ಕೆಜಿ ಜಾಸ್ತಿ, ತಿಂಗಳಿಗೆ ಮೂರು ಕ್ವಿಂಟಾಲ್ ದಾಟಿತು. ಅದರಲ್ಲಿ ಬಹುಪಾಲು ಮೀನಿನ ಹೊಟ್ಟೆಗೆ ಹೋಗಿಲ್ಲ, ಪಾಚಿಗೆ ಗೊಬ್ಬರವಾಗಿದೆ. ತಿಂದಿದ್ದೂ ಮೈಗೆ ಹತ್ತುವುದಿಲ್ಲ, ಅತಿಯಾದರೆ ಅರ್ಧಂಬರ್ಧ ಅರಗಿ ಹೊರಗೆ ಹೋಗುತ್ತದೆ. ತೂಕ ನಿಂತಿದ್ದು ಅದಕ್ಕೇ.

ಇದನ್ನು ನಾನು ಕಳೆದುಕೊಂಡು ಕಲಿತೆ. ಮೇವು ಮಾರುವವರೊಬ್ಬರು ಎಷ್ಟು ಹಾಕಿದರೆ ಅಷ್ಟು ಬೆಳೆಯುತ್ತೆ ಅಂದರು, ನಂಬಿದೆ. ದೀಪಾವಳಿ ಹಿಂದಿನ ದಿನ ಬೆಳಗ್ಗೆ ಏರಿ ಹತ್ತಿದರೆ ದೊಡ್ಡ ಕಾಟ್ಲಾಗಳೇ ಮೊದಲು ತೇಲುತ್ತಿದ್ದವು. ಸಣ್ಣವು ದಡದಲ್ಲಿ ಗುಂಪು ಕಟ್ಟಿ ಇನ್ನೂ ಬಾಯಿ ಬಿಡುತ್ತಿದ್ದವು. ಆ ಹೊತ್ತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮಗೆ ಇನ್ನೂ ಸಮಯ ಇದೆ.

ಇವತ್ತು ಸಂಜೆ ಮೇವು ಹಾಕುವ ಜಾಗದಲ್ಲಿ ಇಳಿದು ಒಂದು ಹಿಡಿ ಕೆಸರು ತೆಗೆದು ಮೂಸಿ. ರಾತ್ರಿ ಎರಡರಿಂದ ಬೆಳಗಾಗುವ ತನಕ ಮೋಟಾರ್ ಹಾಕಿ, ಪೈಪನ್ನು ಎತ್ತರಕ್ಕೆ ಕಟ್ಟಿ ನೀರು ಚದುರಿ ಬೀಳಲಿ. ಬೋರ್‌ವೆಲ್ ನೀರು ಸಿಕ್ಕರೆ ತಳದ ನೀರು ಸ್ವಲ್ಪ ಹೊರಗೆ ಬಿಟ್ಟು ಹೊಸದು ತುಂಬಿಸಿ.

ಮದ್ದೂರು ಹೊಂಡ:
ಕೆಸರು ತೆಗೆದೆ ಅಣ್ಣ. ಡಾಂಬರಿನ ಹಾಗೆ ಕಪ್ಪು, ಕೊಳೆತ ಮೊಟ್ಟೆ ವಾಸನೆ. ಕೈ ಸೋಪಲ್ಲಿ ಉಜ್ಜಿದರೂ ಹೋಗಲಿಲ್ಲ. ಮೇವು ನಿಲ್ಲಿಸಿ ಮೂರು ದಿನ. ಎರಡು ರಾತ್ರಿ ಮೋಟಾರ್ ಓಡಿಸಿದೆ. ನಾಲ್ಕು ಸತ್ತವು. ಇವತ್ತು ಬಿಸಿಲು ಬಂತು, ಬೆಳಗ್ಗೆ ಮೇಲೆ ಒಂದೂ ಇರಲಿಲ್ಲ. ಮತ್ತೆ ಯಾವಾಗ ಶುರು ಮಾಡಲಿ?

ಏರಿ ಮೇಲಿನ ಮನೆ:
ಸದ್ಯ, ಉಳಿದವಲ್ಲ! ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿ ನೋಡಿ. ಮೊಣಕೈ ಮುಳುಗುವ ಮುಂಚೆಯೇ ಅಂಗೈ ಕಾಣದಾದರೆ ಪಾಚಿ ಇನ್ನೂ ಜಾಸ್ತಿ, ಕಾಯಿರಿ. ಆಮೇಲೆ 4 ಕೆಜಿಯಿಂದ ಶುರು ಮಾಡಿ, ಬಿಸಿಲೇರಿದ ಮೇಲೆ. ಎರಚಬೇಡಿ. ಖಾಲಿ ಚೀಲಕ್ಕೆ ತಳದಲ್ಲಿ ತೂತು ಮಾಡಿ, ಹಿಂಡಿ ತುಂಬಿ, ಬಿದಿರು ಗಳಕ್ಕೆ ಕಟ್ಟಿ ಇಳಿಬಿಡಿ. ಎರಡು ಗಂಟೆ ಬಿಟ್ಟು ಎತ್ತಿ. ಮಿಕ್ಕಿದ್ದರೆ ನಾಳೆ ಅಷ್ಟು ಕಡಿಮೆ. ಮೋಡ ಇದ್ದ ದಿನ ಚೀಲ ಕಟ್ಟಲೇ ಬೇಡಿ.