ನಲವತ್ತೆಂಟು ತೂತಿನ ಪುರಾಣ

"ನಲವತ್ತೆಂಟು" ಎಂದ ಇಂಜಿನಿಯರ್.

"ಏನು, ನಿನ್ನ ವಯಸ್ಸಾ?" ಎಂದರು ಮೇಷ್ಟ್ರು.

"ತೂತು, ಮೇಷ್ಟ್ರೇ. ಊಟದ ಮೇಜಿಗೆ ಆರು ಕುರ್ಚಿ ಮಾಡಬೇಕು. ಮರ ಜೋಡಿಸಲು ಒಂದೊಂದಕ್ಕೆ ಎಂಟು ಚೌಕ ತೂತು. ಕಾಲುಗಳ ನಡುವೆ ಅಡ್ಡಪಟ್ಟಿ ಹಾಕಿದರೆ ಇನ್ನೂ ಜಾಸ್ತಿ. ಎಲ್ಲವನ್ನೂ ಉಳಿಯಲ್ಲಿ ಹೊಡೆಯುತ್ತಾ ಕೂತರೆ ಆ ಕುರ್ಚಿಯಲ್ಲಿ ಕೂರುವುದು ನನ್ನ ಮೊಮ್ಮಕ್ಕಳು. ಅದಕ್ಕೇ ಮಾರ್ಟೈಸರ್, ಅಂದರೆ ಚೌಕ ತೂತು ಕೊರೆಯುವ ಮಿಷನ್, ತರೋಣ ಅಂತ."

ಫೋನಿನಲ್ಲಿ ಎಕ್ಸೆಲ್ ಶೀಟು ತಯಾರಾಗಿತ್ತು. ಬಜೆಟ್ 25,000 ರೂಪಾಯಿ. ಮೇಜಿನ ಮೇಲೆ ಇಡುವಂಥ ಐದಾರು ಮಿಷನ್‌ಗಳ ಪಟ್ಟಿ. ಹೆಚ್ಚಿನವು 370 ವ್ಯಾಟ್ ಆಸುಪಾಸಿನವು. ಬಣ್ಣ, ಸ್ಟಿಕ್ಕರ್ ಬಿಟ್ಟರೆ ಬೇರೆ ವ್ಯತ್ಯಾಸ ನನಗಂತೂ ಕಾಣಲಿಲ್ಲ. ಅವನಿಗೂ ಕಂಡಿರಲಿಕ್ಕಿಲ್ಲ. 'ಬಣ್ಣ' ಅಂತಲೇ ಒಂದು ಕಾಲಂ ಇತ್ತು.

ಬೈರಿಗೆ ಚೌಕ ತೂತು ಕೊರೆಯುತ್ತದೆ ಎಂದರೆ ಮೇಷ್ಟ್ರು ನಂಬಲು ತಯಾರಿರಲಿಲ್ಲ. "ತಿರುಗುವ ವಸ್ತು ಚೌಕ ಕೊರೆಯುವುದುಂಟೇ? ಯಾರೋ ನಿನಗೆ ಟೋಪಿ ಹಾಕುತ್ತಿದ್ದಾರೆ." ಇಂಜಿನಿಯರ್ ವಿಡಿಯೋ ತೋರಿಸಿದ. ಒಳಗೆ ಟೊಳ್ಳಾದ ಚೌಕ ಉಳಿ, ಅದರೊಳಗೆ ತಿರುಗುವ ಬೈರಿಗೆ. ಬೈರಿಗೆ ಗುಂಡಗೆ ಕೊರೆಯುತ್ತದೆ. ಹಿಡಿಕೆ ಕೆಳಗೆ ಎಳೆದಂತೆ ಸುತ್ತಲಿನ ಉಳಿ ನಾಲ್ಕು ಮೂಲೆ ಕತ್ತರಿಸುತ್ತದೆ. ಉಳಿ ತಾನು ತಿರುಗುವುದಿಲ್ಲ. ಇಷ್ಟೇ ಗುಟ್ಟು.

ನಂಬಿಕೆ ಬಂದ ಮೇಲೆ ಮೇಷ್ಟ್ರು ವಿರೋಧ ಶುರುಮಾಡಿದರು. "ಜರ್ಮನಿಯ ಲೀಪ್‌ಜಿಗ್ ಹತ್ತಿರ 7000 ವರ್ಷ ಹಳೆಯ ಬಾವಿ ಸಿಕ್ಕಿದೆ ಗೊತ್ತಾ? ಒಳಗೆಲ್ಲ ಓಕ್ ಮರದ ಕಟ್ಟು. ಮರಕ್ಕೆ ತೂತು ಕೊರೆದು ಇನ್ನೊಂದು ಮರದ ತುದಿ ಕೂರಿಸಿ ಬೆಣೆ ಹೊಡೆದಿದ್ದಾರೆ. ಆಗ ಕಬ್ಬಿಣವೇ ಇರಲಿಲ್ಲ. ಕಲ್ಲಿನ ಬಾಚಿ!"

"ಅವರಿಗೆ ಸೋಮವಾರ ಆಫೀಸೂ ಇರಲಿಲ್ಲ, ಮೇಷ್ಟ್ರೇ."

"ಅಷ್ಟು ದೂರ ಯಾಕೆ? ನಮ್ಮ ಸಾಗರದ ಗುಡಿಗಾರರನ್ನೇ ನೋಡು. ಗಂಧದ ಕೆತ್ತನೆಗೆ ಯಾವ ಮಿಷನ್ ಇಟ್ಟುಕೊಂಡಿದ್ದರು? ಕೈಕೆಲಸ ಅಂದರೆ ಅದು. ಹೇಳಿ ಆಚಾರ್ರೇ!"

ಬಡಗಿ ಆಚಾರ್ರು ನಿಧಾನವಾಗಿ ಎಲೆಗೆ ಸುಣ್ಣ ಸವರಿದರು. "ಗುಡಿಗಾರರು ಅಂಗೈಯಗಲದ ಗಂಧದ ಪೆಟ್ಟಿಗೆ ಕೆತ್ತುತ್ತಾರೆ. ನಾನು ಮತ್ತಿ ಮರದಲ್ಲಿ ಬಾಗಿಲ ಚೌಕಟ್ಟು ಮಾಡುತ್ತೇನೆ. ಕೈಕೆಲಸದ ಭಾಷಣ ಮಾಡುವವರು ತಮ್ಮ ಬಲಭುಜ ಒಂದು ವಾರ ನನಗೆ ಕೊಟ್ಟರೆ ಒಳ್ಳೆಯದು. ಮಿಷನ್ ಇದ್ದರೆ ಪುಣ್ಯ ಅಲ್ವಾ ಮಾರಾಯ್ರೇ?"

ಮೇಷ್ಟ್ರು ಕೋಡುಬಳೆಗೆ ಕೈ ಹಾಕಿದರು. ಸ್ವಂತ ಸಾಕ್ಷಿಯೇ ತಿರುಗಿಬಿದ್ದ ಮೇಲೆ ಇನ್ನೇನು ಮಾಡುವುದು.

ಇಂಜಿನಿಯರ್ ಗೆದ್ದೆ ಅಂದುಕೊಂಡ. ಆಚಾರ್ರು ಫೋನ್ ಇಸಿದುಕೊಂಡು ಕೇಳಿದರು: "ಮೋಟಾರ್ ಇರಲಿ. ಮರವನ್ನು ಅದುಮಿ ಹಿಡಿಯುವುದು ಯಾವುದು?"

ಆ ಕಾಲಂ ಶೀಟಿನಲ್ಲಿ ಇರಲಿಲ್ಲ.

"ಉಳಿ ಒಳಗೆ ಇಳಿಯುವುದು ಸುಲಭ. ಮೇಲೆ ಎಳೆಯುವಾಗ ಮರವನ್ನೂ ಕಚ್ಚಿಕೊಂಡು ಬರುತ್ತದೆ. ಅಗ್ಗದ ಮಿಷನ್ನಿನಲ್ಲಿ ಮೊದಲು ಬಗ್ಗುವುದೇ ಆ ಹಿಡಿತದ ಪಟ್ಟಿ. ಹಿಡಿಕೆ ಉದ್ದ ಇದೆಯಾ, ಮರ ಆನಿಸುವ ಹಿಂದಿನ ಬೇಲಿ ಬಿಗಿ ಮಾಡಿದ ಮೇಲೆ ಅಲ್ಲಾಡುತ್ತದಾ, ಇಷ್ಟು ನೋಡು. ಉಳಿಯನ್ನು ಬೇಲಿಗೆ ಮೂಲೆಮಟ್ಟ ಹಿಡಿದು ಕೂರಿಸು. ಕೂದಲೆಳೆ ತಿರುಗಿದ್ದರೂ ತೂತಿನ ಗೋಡೆ ಗರಗಸದ ಹಲ್ಲಾಗುತ್ತದೆ."

ಮುಂದಿನದು ನನಗೆ ತುಂಬ ಹಿಡಿಸಿತು. ಬೈರಿಗೆಯ ಕೊರೆಯುವ ತಲೆಗೂ ಉಳಿಯ ತುದಿಗೂ ಒಂದರಿಂದ ಒಂದೂವರೆ ಮಿಲಿಮೀಟರ್ ಸಂದು ಬೇಕು. ಇಲ್ಲದಿದ್ದರೆ ಎರಡೂ ಉಜ್ಜಿ, ಕಾದು, ಹೊಗೆಯಾಡಿ, ಉಕ್ಕು ನೀಲಿಯಾಗುತ್ತದೆ. ಅದಕ್ಕೆ ಒಂದು ರೂಪಾಯಿ ನಾಣ್ಯ ಸಾಕು. ಉಳಿಯ ಭುಜಕ್ಕೂ ಮಿಷನ್ನಿಗೂ ನಡುವೆ ನಾಣ್ಯ ಇಟ್ಟು ಉಳಿ ಬಿಗಿ ಮಾಡಬೇಕು. ಬೈರಿಗೆಯನ್ನು ಪೂರ್ತಿ ಮೇಲಕ್ಕೆ ಒತ್ತಿ ಅದನ್ನೂ ಬಿಗಿ ಮಾಡಬೇಕು. ಆಮೇಲೆ ನಾಣ್ಯ ತೆಗೆದು ಉಳಿಯನ್ನು ಮೇಲಕ್ಕೆ ತಳ್ಳಿದರೆ ಸಂದು ತಾನಾಗೇ ಬರುತ್ತದೆ. "ಈ ಇಡೀ ಮಿಷನ್ನಿನಲ್ಲಿ ಅಗ್ಗ ಅಂತ ಇರುವುದು ಇದೊಂದೇ" ಎಂದರು ಮೇಷ್ಟ್ರು.

"ಮಿಷನ್ ಬಂದ ಮೇಲೆ ಕೈ ಉಳಿ ಬೇಡ ಅಲ್ವಾ?" ಎಂದು ಇಂಜಿನಿಯರ್ ಕೇಳಿದ್ದೇ ತಪ್ಪಾಯಿತು. ಆಚಾರ್ರು ಅಂಗಳಕ್ಕೆ ಹೋಗಿ ಎಲೆಯಡಿಕೆ ಉಗಿದು ಬಂದರು. ಮಿಷನ್ ಕೊರೆದ ಗೋಡೆ ಒರಟು. ಅದನ್ನು ಸವರಬೇಕು. ತೂತಿಗೆ ಸೇರುವ ಮರದ ತುದಿ ಕೂರದಿದ್ದರೆ ಹೆರೆಯಬೇಕು. ಇದೆಲ್ಲ ಕೈಯಲ್ಲೇ.

ಇಂಜಿನಿಯರ್ ತಕ್ಷಣ ಮರದ ಪೆಟ್ಟಿಗೆಯ 12 ಉಳಿಗಳ ಸೆಟ್ಟು ತೋರಿಸಿದ. ಆಚಾರ್ರು ಅದರಲ್ಲಿ ಎಂಟಕ್ಕೆ ಕೆಲಸವಿಲ್ಲ ಎಂದರು. 6, 12, 18, 25 ಮಿಲಿಮೀಟರ್, ನಾಲ್ಕು ಸಾಕು. ಯಾವ ಕಂಪನಿ ಎಂಬ ಪ್ರಶ್ನೆಗೆ ಮೇಷ್ಟ್ರು ಇಂಗ್ಲೆಂಡಿನ ಶೆಫೀಲ್ಡ್ ಎಂದರು, ಸುಮ್ನೆ, ಹೆಸರು ಚೆನ್ನಾಗಿದೆ ಅಂತ. ಇಂಜಿನಿಯರ್ ಚೆಕ್ ದೇಶದ ನಾರೆಕ್ಸ್ ಎಂದ. ರಾಕ್‌ವೆಲ್ ಅಳತೆಯಲ್ಲಿ 59 ಗಡಸು, ಬೆಲೆಯೂ ತೀರಾ ಹೆದರಿಸುವುದಿಲ್ಲ. ಆಚಾರ್ರು ಕುಲುಮೆಯಲ್ಲಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟೆ ಕಾಯಿಸಿ ಬಡಿಸಿದ ಉಳಿಯೇ ಸಾಕು ಎಂದರು. ಪಟ್ಟೆಯ ಉಕ್ಕು ಒಳ್ಳೆಯದೇ. ಕಮ್ಮಾರ ಹದ ಹಾಕುವುದರಲ್ಲಿ ಎಡವಿದರೆ ಮಾತ್ರ ಕಷ್ಟ. ಗಟ್ಟಿ ಮರಕ್ಕೆ ಹೊಡೆದಾಗ ಬಾಯಿ ಚಕ್ಕೆ ಹಾರಿದರೆ ಗಡಸು ಜಾಸ್ತಿ, ಮಡಚಿದರೆ ಕಡಿಮೆ. ಅದು ಕಾಸು ಕೊಟ್ಟ ಮೇಲೇ ಗೊತ್ತಾಗುವುದು. ಆಚಾರ್ರಿಗೆ ಕಮ್ಮಾರನ ಪರಿಚಯ ಇದೆ. ಭಾನುವಾರದ ಬಡಗಿಗೆ ನಾರೆಕ್ಸೇ ವಾಸಿ ಎಂದು ನನ್ನ ಲೆಕ್ಕ.

ಯಾವುದೇ ತಂದರೂ ಮಸೆಯುವುದು ತಪ್ಪದು. ಉಳಿಯ ಬೆನ್ನಿನ ಮೊದಲ ಒಂದು ಇಂಚು ಸಮತಟ್ಟಾಗಬೇಕು. 25 ಡಿಗ್ರಿಯ ಓರೆಗೆ ತುದಿಯಲ್ಲಿ 30ರ ಸಣ್ಣ ಓರೆ. ದಪ್ಪ ಗಾಜಿನ ಮೇಲೆ ನೀರು ಹಾಕಿ ಎಮರಿ ಕಾಗದದಲ್ಲಿ ಉಜ್ಜಿದರೂ ನಡೆಯುತ್ತದೆ. ಅದರಲ್ಲೂ ತೇಗದಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ. ಬಾಯಿ ಬೇಗ ಮೊಂಡಾಗುತ್ತದೆ.

ನಾನೂ ಒಂದು ಮಾತು ಸೇರಿಸಿದೆ. "ಮೊದಲು ಉಳಿ, ಎಮರಿ ಕಾಗದ. ಎಂಟು ತೂತಿನ ಒಂದು ಮೇಜಿಗೆ ಮಿಷನ್ ತರುವುದು ಹುಚ್ಚು. ಮನೆಯ ಡ್ರಿಲ್ಲಿನಲ್ಲಿ ಸಾಲಾಗಿ ಗುಂಡು ತೂತು ಹೊಡೆದು, ಉಳಿಯಲ್ಲಿ ಮೂಲೆ ಬಿಡಿಸಿದರೆ ಆಯಿತು. ನಲವತ್ತೆಂಟಕ್ಕೆ ಅಷ್ಟೇನೂ ಹುಚ್ಚಲ್ಲ. ಆದರೆ ಕುರ್ಚಿ ಮುಗಿದ ಮೇಲೆ ಮಿಷನ್ ಏನು ಮಾಡುತ್ತೀ?"

ಇಂಜಿನಿಯರ್ ತಲೆ ಕೆರೆದುಕೊಂಡ. ಆಚಾರ್ರು ಗಂಟಲು ಸರಿಮಾಡಿಕೊಂಡರು.

"ಧೈರ್ಯವಾಗಿ ತಗೋ ಮಾರಾಯ. ಭಾನುವಾರ ನಿನ್ನ ಹತ್ತಿರ ಇರಲಿ. ಸೋಮವಾರದಿಂದ ಶನಿವಾರ ನಾನು ನೋಡಿಕೊಳ್ಳುತ್ತೇನೆ."

"ಕರೆಂಟ್ ಬಿಲ್ಲು?" ಎಂದರು ಮೇಷ್ಟ್ರು.

"ಅದು ಮಿಷನ್ ಯಾರದ್ದೋ ಅವರದ್ದು" ಎಂದರು ಆಚಾರ್ರು.